ಚೀಲದಲ್ಲಿ ಒಂದೇ ಹಕ್ಕಿಯಿದ್ದರೂ ಅಪರಾಧವೇ

ಖಾಪರಖೇಡಾ: ನಾಗಪುರದಿಂದ ಉತ್ತರಕ್ಕೆ ಸಾವನೇರ್ ತಾಲೂಕಿನಲ್ಲಿರುವ ಖಾಪರಖೇಡಾ ಎಂದಾಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು 1,340 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ, ಅದರ ಎತ್ತರದ ಚಿಮಿಣಿಗಳು ಮತ್ತು ಕಲ್ಲಿದ್ದಲು ತುಂಬಿದ ಗಾಡಿಗಳು. ಆದರೆ ಕಾಲೊನಿಯ ರಸ್ತೆ ದಾಟಿದರೆ ಹತ್ತಿ, ತೊಗರಿ, ಕಿತ್ತಳೆಯ ನಾಡು. ಹೊಲದ ಬದುಗಳಲ್ಲಿ ಗೌಜಲಕ್ಕಿ, ಹುಲ್ಲಿನ ನಡುವೆ ಬುರ್ಲಿ. ಸ್ಥಳೀಯರು ಇವುಗಳನ್ನು ತಿತರ, ಬಟೇರ್ ಎಂದು ಕರೆಯುತ್ತಾರೆ. ಸ್ಥಾವರಕ್ಕೆ ನೀರೊದಗಿಸುವ ಪೆಂಚ್ ಜಲಾಶಯದ ಸುತ್ತ 1999ರಲ್ಲಿ ಘೋಷಣೆಯಾದ ಹುಲಿ ಸಂರಕ್ಷಿತ ಪ್ರದೇಶವೇ ಇದೆ.

ರೈಲ್ವೆ, ಬ್ಯಾಂಕು, ಗಣಿ, ವಿದ್ಯುತ್ ಸ್ಥಾವರ, ಹೋಟೆಲ್ ಉದ್ಯಮ ಎಂದು ಈ ಭಾಗದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಚಳಿಗಾಲದ ಭಾನುವಾರಗಳಂದು ಊಟದ ಮಾತು ಬಂದಾಗ ಒಂದು ಪ್ರಶ್ನೆ ಆಗಾಗ ಏಳುವುದುಂಟು. 'ನಾವೇನು ಕೋವಿ ಹಿಡಿದು ಬೇಟೆಗೆ ಹೋದವರಲ್ಲ. ಯಾರೋ ಪರಿಚಯದವರು ಎರಡು ತಿತರ ತಂದುಕೊಟ್ಟರೆ ಇಟ್ಟುಕೊಳ್ಳಬಾರದೇ? ಎಷ್ಟರ ತನಕ ಕಾನೂನು ಬಿಡುತ್ತದೆ?' ಎಂಬುದು ಆ ಪ್ರಶ್ನೆ.

ಉತ್ತರ ಒಂದೇ ಅಂಕಿಯಲ್ಲಿದೆ. ಅದು ಸೊನ್ನೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂದರೆ ಹುಲಿ, ಆನೆ, ಚಿರತೆಗಳಿಗೆ ಸಂಬಂಧಿಸಿದ್ದು ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಕಾಯ್ದೆಯ ಅನುಸೂಚಿಗಳಲ್ಲಿ ಸೇರಿರುವ ಎಲ್ಲ ಪ್ರಾಣಿ-ಪಕ್ಷಿಗಳಿಗೂ ಅದು ಅನ್ವಯಿಸುತ್ತದೆ. 2022ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಹಿಂದೆ ಆರು ಇದ್ದ ಅನುಸೂಚಿಗಳು ನಾಲ್ಕಾಗಿವೆ. ಮೊದಲೆರಡು ಅನುಸೂಚಿಗಳು ಪ್ರಾಣಿ-ಪಕ್ಷಿಗಳವು. ರಾಷ್ಟ್ರಪಕ್ಷಿ ನವಿಲು ಮೊದಲನೆಯದರಲ್ಲಿದೆ. ಹಿಂದೆ ನಾಲ್ಕನೇ ಅನುಸೂಚಿಯಲ್ಲಿದ್ದ ಬಹುಪಾಲು ಸಾಮಾನ್ಯ ಹಕ್ಕಿಗಳು ಈಗ ಎರಡನೆಯದರ ರಕ್ಷಣೆಯಲ್ಲಿವೆ.

'ಬೇಟೆ' ಎಂಬ ಪದಕ್ಕೆ ಕಾಯ್ದೆ ಕೊಡುವ ಅರ್ಥ ಬಹಳ ವಿಶಾಲ. ಕೊಲ್ಲುವುದು ಮಾತ್ರವಲ್ಲದೆ ಹಿಡಿಯುವುದು, ಉರುಲು ಹಾಕುವುದು, ಗಾಯಗೊಳಿಸುವುದು, ಗೂಡು ಕೆಡಿಸಿ ಮೊಟ್ಟೆ ತೆಗೆಯುವುದು ಕೂಡ ಬೇಟೆಯೇ. ಇನ್ನು 'ಮಾಂಸ' ಎಂದರೆ ರಕ್ತ, ಮೂಳೆ, ಕೊಬ್ಬು, ಮೊಟ್ಟೆ ಎಲ್ಲವೂ ಸೇರುತ್ತವೆ. ಹಸಿಯಾಗಿದ್ದರೂ, ಬೇಯಿಸಿದ್ದರೂ ವ್ಯತ್ಯಾಸವಿಲ್ಲ ಎಂದು ಕಾಯ್ದೆಯ 2ನೇ ಕಲಂ ಸ್ಪಷ್ಟಪಡಿಸುತ್ತದೆ. ಹೀಗಾಗಿ ಫ್ರಿಜ್ಜಿನಲ್ಲಿಟ್ಟ ತುಂಡು, ಒಲೆಯ ಮೇಲಿನ ಸಾರು, ಬಿಸಿಲಿಗೆ ಒಣಗಿಸಿದ ಬಾಡು, ಎಣ್ಣೆಯಲ್ಲಿ ಮುಳುಗಿಸಿದ ಉಪ್ಪಿನಕಾಯಿ ಇವೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಒಂದೇ. ಮಸಾಲೆ ಬೆರೆಸಿದ ಮಾತ್ರಕ್ಕೆ ಕಾಡಿನ ಮಾಂಸ ಮನೆಯ ಮಾಂಸವಾಗುವುದಿಲ್ಲ.

ಮುಖ್ಯವಾದ ಮಾತು 39ನೇ ಕಲಮಿನಲ್ಲಿದೆ. ಕಾಯ್ದೆಗೆ ವಿರುದ್ಧವಾಗಿ ಬೇಟೆಯಾದ ವನ್ಯಜೀವಿ, ಅದರ ಮಾಂಸ, ಅದರಿಂದ ಮಾಡಿದ ವಸ್ತು ಸರ್ಕಾರದ ಸೊತ್ತು. ತಾನಾಗಿಯೇ ಸತ್ತುಬಿದ್ದ ಅಥವಾ ಆಕಸ್ಮಿಕವಾಗಿ ಕೊಲ್ಲಲ್ಪಟ್ಟ ಪ್ರಾಣಿಯೂ ಅಷ್ಟೇ. ನಾಗಪುರ-ಸಾವನೇರ್ ರಸ್ತೆಯಲ್ಲಿ ರಾತ್ರಿ ಲಾರಿಗೆ ಸಿಕ್ಕಿ ಸತ್ತ ಕಾಡುಹಂದಿಯನ್ನು ಹಂಚಿಕೊಳ್ಳಲು ಹೊರಟವರು 'ನಾವು ಕೊಂದಿಲ್ಲವಲ್ಲ' ಎಂದರೆ ಅದು ಉತ್ತರವಾಗದು. ಇಂಥ ಸೊತ್ತು ಯಾವುದೇ ರೀತಿಯಲ್ಲಿ ಕೈಗೆ ಬಂದವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯ ಅಧಿಕಾರಿಗೆ ತಿಳಿಸಬೇಕು, ಕೇಳಿದಾಗ ಒಪ್ಪಿಸಬೇಕು. ಇಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಕೊಡುವುದು, ನಾಶಪಡಿಸುವುದು ಮೂರಕ್ಕೂ ಲಿಖಿತ ಅನುಮತಿ ಬೇಕು.

ಮತ್ತೊಂದು ಅಂಶ ಅನೇಕರಿಗೆ ತಿಳಿದಿಲ್ಲ. ಸಾಮಾನ್ಯವಾಗಿ ಆರೋಪ ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಆದರೆ ಇಲ್ಲಿ ಮಾಂಸ ಒಬ್ಬರ ವಶದಲ್ಲಿತ್ತು ಎಂದು ಸಾಬೀತಾದರೆ ಸಾಕು, ಅದು ಕಾನೂನುಬಾಹಿರ ಎಂದೇ ನ್ಯಾಯಾಲಯ ಭಾವಿಸಬೇಕು ಎನ್ನುತ್ತದೆ 57ನೇ ಕಲಂ. ಹಾಗಲ್ಲ ಎಂದು ತೋರಿಸುವ ಭಾರ ಆರೋಪಿಯ ಮೇಲೆ ಬೀಳುತ್ತದೆ.

ಶಿಕ್ಷೆಯ ಲೆಕ್ಕ

ಎರಡನೇ ಅನುಸೂಚಿಯ ಹಕ್ಕಿಯಾದರೆ 3 ವರ್ಷಗಳವರೆಗೆ ಸಜೆ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ. 2022ರ ತಿದ್ದುಪಡಿಗೆ ಮೊದಲು ದಂಡದ ಮಿತಿ 25 ಸಾವಿರ ರೂ. ಇತ್ತು. ನವಿಲಿನಂಥ ಮೊದಲ ಅನುಸೂಚಿಯ ಹಕ್ಕಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ ಮತ್ತು ಕನಿಷ್ಠ 25 ಸಾವಿರ ರೂ. ದಂಡ. ಇಂಥ ಪ್ರಕರಣಗಳಲ್ಲಿ ಜಾಮೀನು ಸಿಗುವುದೂ ಸುಲಭವಲ್ಲ. ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನ ಸಹ ಸರ್ಕಾರದ ಸೊತ್ತಾಗುತ್ತದೆ. ಹಕ್ಕಿ ತಂದ ಸ್ಕೂಟರ್ ಸಾಲದಲ್ಲಿ ಕೊಂಡದ್ದಾಗಿದ್ದರೆ ಸ್ಕೂಟರ್ ಹೋದರೂ ಕಂತು ಮಾತ್ರ ನಿಲ್ಲುವುದಿಲ್ಲ.

ನೌಕರಿಯಲ್ಲಿರುವವರಿಗೆ ಪೆಟ್ಟು ಇನ್ನೂ ದೊಡ್ಡದು. ಕೇಂದ್ರ ಸರ್ಕಾರಿ ನೌಕರರ ನಿಯಮದಂತೆ 48 ಗಂಟೆಗೂ ಮೀರಿ ಬಂಧನದಲ್ಲಿದ್ದ ನೌಕರ ಅಮಾನತುಗೊಂಡಂತೆಯೇ ಲೆಕ್ಕ. ಇತರ ಸಾರ್ವಜನಿಕ ಸಂಸ್ಥೆಗಳಲ್ಲಿಯೂ ಕ್ರಿಮಿನಲ್ ಮೊಕದ್ದಮೆ ಎಂದರೆ ಬಡ್ತಿಯಿಂದ ನಿವೃತ್ತಿಯವರೆಗೂ ಬೆನ್ನುಬಿಡದ ಸಂಗತಿ. ಒಂದು ಗೌಜಲಕ್ಕಿಯ ತೂಕ ಹೆಚ್ಚೆಂದರೆ ಕಾಲು ಕಿಲೋ ಆಸುಪಾಸು. ರೆಕ್ಕೆ-ಪುಕ್ಕ ತೆಗೆದರೆ ಒಂದು ಬಟ್ಟಲು ಸಾರಿಗೂ ಸಾಲದು. ಅದಕ್ಕಾಗಿ ಸಂಸಾರವನ್ನೇ ಒತ್ತೆಯಿಡುವುದು ಯಾವ ಲೆಕ್ಕದಲ್ಲೂ ಸರಿಹೋಗದು.

ಮಿತಿಯ ಮಾತು ಎಲ್ಲಿಂದ ಬಂತು?

ಹಾಗಾದರೆ 'ಇಷ್ಟು ಹಕ್ಕಿ ತನಕ ಅಡ್ಡಿಯಿಲ್ಲ' ಎಂದು ಹಿರಿಯರು ಹೇಳುತ್ತಿದ್ದುದು ಸುಳ್ಳೇ? ಪೂರ್ತಿ ಸುಳ್ಳಲ್ಲ, ಅದು ಹಳೆಯ ಕಾಲದ ಸತ್ಯ. ನಾಗಪುರ ರಾಜಧಾನಿಯಾಗಿದ್ದ ಅಂದಿನ ಮಧ್ಯ ಪ್ರಾಂತ್ಯದಲ್ಲಿ 1935ರ ಗೇಮ್ ಆಕ್ಟ್ ಇತ್ತು. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಳ ಕುರಿತು ಕಟ್ಟಳೆ ಬಂದಿತ್ತು. ಮುಂಬಯಿ ರಾಜ್ಯದಲ್ಲಿ 1951ರ ಕಾಯ್ದೆ ಇತ್ತು. ಅಂದಿನ ಪದ್ಧತಿಯಲ್ಲಿ ಲೈಸನ್ಸ್ ಪಡೆದವರು ಗೊತ್ತುಪಡಿಸಿದ ತಿಂಗಳುಗಳಲ್ಲಿ, ಗೊತ್ತುಪಡಿಸಿದ ಪ್ರಾಣಿ-ಪಕ್ಷಿಗಳನ್ನು ಬೇಟೆಯಾಡಬಹುದಿತ್ತು. 1972ರ ಕಾಯ್ದೆ ಬಂದಾಗಲೂ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ಬೇರೆಬೇರೆ ಲೈಸನ್ಸುಗಳ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ವಿನೋದಕ್ಕಾಗಲೀ ಊಟಕ್ಕಾಗಲೀ ಬೇಟೆಯ ಲೈಸನ್ಸ್ ಎಂಬುದೇ ಇಲ್ಲ. ಲೈಸನ್ಸೇ ಇಲ್ಲದ ಮೇಲೆ ಮಿತಿಯ ಪ್ರಶ್ನೆಯೂ ಇಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದವರು ಅಲ್ಲಿನ ನೆರೆಮನೆಯವರ ಫ್ರೀಜರಿನಲ್ಲಿ ಬೇಟೆಯ ಬಾತುಕೋಳಿ ಕಂಡದ್ದನ್ನು ಹೇಳುವುದುಂಟು. ಅಲ್ಲಿನ ಪದ್ಧತಿ ಬೇರೆ. ವಲಸೆ ಹಕ್ಕಿಗಳ ಬೇಟೆಗೆ ಲೈಸನ್ಸ್, ಋತು, ದಿನವೊಂದಕ್ಕೆ ಇಷ್ಟೇ ಎಂಬ ಮಿತಿ ಎಲ್ಲವೂ ಉಂಟು. ವಶದಲ್ಲಿ ಇಟ್ಟುಕೊಳ್ಳಬಹುದಾದ ಒಟ್ಟು ಸಂಖ್ಯೆ ಸಾಮಾನ್ಯವಾಗಿ ದಿನದ ಮಿತಿಯ ಮೂರು ಪಟ್ಟು. ಬೇಟೆಯ ಬಾತನ್ನು ಮನೆಗೆ ಒಯ್ಯುವವರೆಗೆ ಜಾತಿ ಗುರುತಿಸಲು ತಲೆ ಅಥವಾ ಪುಕ್ಕವಿರುವ ಒಂದು ರೆಕ್ಕೆ ಉಳಿಸಿರಬೇಕು. ಹಕ್ಕಿಗಳನ್ನು ಬೇರೆಯವರ ಬಳಿ ಬಿಟ್ಟರೆ ಬೇಟೆಗಾರನ ಸಹಿ, ವಿಳಾಸ, ಹಕ್ಕಿಗಳ ಜಾತಿ, ಸಂಖ್ಯೆ, ಕೊಂದ ದಿನಾಂಕ ಬರೆದ ಚೀಟಿ ಅಂಟಿಸಬೇಕು. ಇಷ್ಟೆಲ್ಲ ಸಡಿಲಿಕೆಯಿದ್ದರೂ ಆ ಮಾಂಸವನ್ನು ಮಾರುವಂತಿಲ್ಲ. ಅಲ್ಲಿನ ನಿಯಮ ನೋಡಿ ಇಲ್ಲಿಯೂ ಹಾಗೆಯೇ ಇರಬಹುದೆಂದು ತಿಳಿಯುವುದು ಅಪಾಯಕಾರಿ.

ಸಾಕಿದ ಹಕ್ಕಿಗೆ ಅಡ್ಡಿಯಿಲ್ಲ

ಹಾಗೆಂದು ಅಂಗಡಿಯಲ್ಲಿ ಸಿಗುವ ಕೌಜುಗವನ್ನು ಕಂಡು ಹೆದರಬೇಕಾಗಿಲ್ಲ. ಅದು ಜಪಾನಿ ತಳಿಯ ಸಾಕು ಹಕ್ಕಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಲಾದ ಈ ತಳಿ ಐದು ವಾರಗಳಲ್ಲಿ ಮಾರಾಟಕ್ಕೆ ಬರುತ್ತದೆ, ಆರೇಳು ವಾರಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ಇದರ ಸಾಕಣೆಯ ಬಗ್ಗೆಯೂ ಒಮ್ಮೆ ಗೊಂದಲ ಎದ್ದಿತ್ತು. ಕಾಡಿನ ಕೌಜುಗ ಅನುಸೂಚಿಯಲ್ಲಿದೆ ಎಂಬ ಕಾರಣಕ್ಕೆ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಫಾರಂಗಳಿಗೆ ಅನುಮತಿ ಕೊಡದಂತೆ ರಾಜ್ಯಗಳಿಗೆ ಸೂಚಿಸಿತ್ತು. ಸಾಕಣೆದಾರರ ಅಹವಾಲಿನ ನಂತರ 2013ರಲ್ಲಿ ಆ ತಡೆಯನ್ನು ತೆಗೆಯಲಾಯಿತು.

ಆದುದರಿಂದ ಪ್ರಶ್ನೆ ಇರುವುದು ಹಕ್ಕಿ ಎಲ್ಲಿಂದ ಬಂತು ಎಂಬುದರಲ್ಲಿ. ಪರವಾನಗಿಯಿರುವ ಅಂಗಡಿ, ಫಾರಂ ಹೆಸರಿರುವ ಪೊಟ್ಟಣ, ಕೈಯಲ್ಲಿ ಬಿಲ್ಲು ಇವಿಷ್ಟಿದ್ದರೆ ನಿಶ್ಚಿಂತೆ. ಟರ್ಕಿ ಕೋಳಿ, ಗಿನಿ ಕೋಳಿ, ಸಾಕಿದ ಬಾತುಗಳಿಗೂ ತೊಂದರೆಯಿಲ್ಲ. ರಸ್ತೆ ಬದಿಯಲ್ಲಿ ಚೀಲ ಹಿಡಿದು ಪಿಸುದನಿಯಲ್ಲಿ ಬೆಲೆ ಹೇಳುವವರ ಬಳಿ ಬಿಲ್ಲು ಸಿಗುವುದಿಲ್ಲ. ನಾಳೆ 57ನೇ ಕಲಮಿನಂತೆ 'ನಿನ್ನ ಬಳಿಗೆ ಇದು ಹೇಗೆ ಬಂತು' ಎಂದು ಕೇಳಿದಾಗ ತೋರಿಸಲು ಕಾಗದವೇ ಇರುವುದಿಲ್ಲ.

ಹೋಟೆಲ್ ನಡೆಸುವ ಬಂಧುಗಳು 44ನೇ ಕಲಮನ್ನು ಗಮನದಲ್ಲಿಡುವುದು ಒಳ್ಳೆಯದು. ವನ್ಯಜೀವಿ ಮಾಂಸವನ್ನು ಯಾವುದೇ ಉಪಾಹಾರ ಗೃಹದಲ್ಲಿ ಬೇಯಿಸುವುದಾಗಲೀ ಬಡಿಸುವುದಾಗಲೀ ಸಲ್ಲದು. ಊಟಕ್ಕೆ ಪ್ರತ್ಯೇಕ ಹಣ ಪಡೆಯದೆ ವಸತಿ ಶುಲ್ಕದಲ್ಲೇ ಸೇರಿಸಿದ್ದರೂ ಅದು ಉಪಾಹಾರ ಗೃಹವೇ. ರುಚಿಯ ಆಕರ್ಷಣೆಗಾಗಿ ಮೆನುವಿನಲ್ಲಿ 'ಜಂಗ್ಲಿ' ಎಂದು ಬರೆಯುವುದೂ ಜಾಣತನವಲ್ಲ. 2024ರ ಡಿಸೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಮುಖ್ಯಮಂತ್ರಿಯವರ ಹಳ್ಳಿ ವಾಸ್ತವ್ಯದ ಊಟದ ಪಟ್ಟಿಯಲ್ಲಿ 'ಜಂಗ್ಲಿ ಮುರ್ಗಾ' ಎಂದಿದ್ದುದು ದೇಶವಿಡೀ ಸುದ್ದಿಯಾಗಿ, ಅದು ಊರ ನಾಟಿ ಕೋಳಿ ಎಂದು ಅವರು ಸ್ಪಷ್ಟನೆ ಕೊಡಬೇಕಾಯಿತು.

ಊರಿನಿಂದ ಬರುವ ಬುತ್ತಿ

ಹೊರನಾಡಿನಲ್ಲಿರುವವರಿಗೆ ಇನ್ನೊಂದು ಕಡೆಯಿಂದಲೂ ಈ ಸಮಸ್ಯೆ ಬರಬಹುದು. ರಜೆ ಮುಗಿಸಿ ಹೊರಡುವಾಗ ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ಬುತ್ತಿಯಲ್ಲಿ ಹಪ್ಪಳ, ಸಂಡಿಗೆ, ಒಣಮೀನಿನ ಜೊತೆ ಕೆಲವೊಮ್ಮೆ ಕಾಡುಹಂದಿಯ ಉಪ್ಪಿನಕಾಯಿ, ಹೊಗೆಗೆ ಕಟ್ಟಿ ಒಣಗಿಸಿದ ಬಾಡು ಸೇರಿರುತ್ತದೆ. ತುಳುನಾಡಿನಲ್ಲಿ ಕೆಡ್ಡಸದ ಬೋಂಟೆ, ಬಯಲುಸೀಮೆಯಲ್ಲಿ ಯುಗಾದಿಯ ಬೇಟೆ, ಮಲೆನಾಡಿನಲ್ಲಿ ಕಾಡುಕೋಳಿಯ ನೆನಪು ಎಲ್ಲವೂ ನಮ್ಮ ಹಿರಿಯರ ಬದುಕಿನ ಭಾಗವೇ ಆಗಿದ್ದವು. ಆದರೆ ಸಂಪ್ರದಾಯ ಎಂಬ ಕಾರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ.

ಕೊಡಗಿನ ಕೋವಿಯ ವಿಷಯದಲ್ಲಿಯೂ ತಪ್ಪು ಕಲ್ಪನೆಯಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ್ದು, 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು ಆಯುಧ ಕಾಯ್ದೆಯ ವಿನಾಯಿತಿ. ಕೈಲ್‌ಪೊಳ್ದ್‌ನಲ್ಲಿ ಕೋವಿಯನ್ನು ಪೂಜಿಸಬಹುದು, ತೆಂಗಿನಕಾಯಿಗೆ ಗುರಿ ಇಡಬಹುದು. ಕಾಡಿನ ಹಕ್ಕಿಗೆ ಗುರಿ ಇಡಲು ಅದು ಅನುಮತಿಯಲ್ಲ.

ಬೆಳೆ ಹಾಳು ಮಾಡುವ ಕಾಡುಹಂದಿಯ ಬಗ್ಗೆ ರೈತರ ಸಂಕಟ ನಿಜವಾದದ್ದು. ಅದಕ್ಕಾಗಿ 11ನೇ ಕಲಮಿನಡಿ ಅಧಿಕಾರಿಗಳಿಂದ ಅನುಮತಿ ಪಡೆಯುವ ದಾರಿಯಿದೆ. ಆದರೆ ಹಾಗೆ ಅನುಮತಿಯಿಂದ ಕೊಂದ ಪ್ರಾಣಿಯೂ ಸರ್ಕಾರದ ಸೊತ್ತೇ ಹೊರತು ಹಂಚಿ ತಿನ್ನುವ ಪಾಲಲ್ಲ. ಊರಿನ ಬಾಟಲಿಯಲ್ಲಿರುವುದು ಸಾಕಿದ ಹಂದಿಯದೋ ಕಾಡಿನದೋ ಎಂದು ಹೊರಡುವ ಮೊದಲೇ ಕೇಳಿಬಿಡಬೇಕು. ರೈಲಿನಲ್ಲಿ ತಪಾಸಣೆಯಾದಾಗ ಸಿಕ್ಕಿಬೀಳುವವರು ಬಾಟಲಿ ಕೊಟ್ಟ ಅತ್ತೆಯೋ ದೊಡ್ಡಮ್ಮನೋ ಅಲ್ಲ, ಅದನ್ನು ಹೊತ್ತು ತಂದವರು.

ಹಿಡಿಯುವವರ ಬದುಕು

ಕಾನೂನಿನ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಿದರ್ಭದ ಪಾರ್ಧಿಗಳು ಸಾಕಿದ ತಿತರವನ್ನು ಕೂಗಿಸಿ, ಅದರ ಕರೆಗೆ ಓಡಿಬರುವ ಹಕ್ಕಿಗಳನ್ನು ಉರುಲಿನಲ್ಲಿ ಹಿಡಿಯುವುದರಲ್ಲಿ ತಲೆತಲಾಂತರದಿಂದ ನಿಪುಣರು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹೊತ್ತ ಸಮುದಾಯಗಳಲ್ಲಿ ಅವರೂ ಸೇರಿದ್ದರು. ಸ್ವಾತಂತ್ರ್ಯಾನಂತರ 1952ರಲ್ಲಿ ಆ ಕಾಯ್ದೆ ರದ್ದಾಯಿತು, ಆದರೆ ಸಂಶಯದ ಕಣ್ಣು ಇಂದಿಗೂ ತಪ್ಪಿಲ್ಲ. ಹಕ್ಕಿ ಹಿಡಿಯುವುದು ಅಪರಾಧವಾದ ಮೇಲೆ ಅವರ ಹಳೆಯ ಕಸುಬೂ ಹೋಯಿತು.

ಕರ್ನಾಟಕದ ಹಕ್ಕಿಪಿಕ್ಕಿಗಳ ಕಥೆಯೂ ಇದೇ. ಹೆಸರಿನಲ್ಲೇ ಹಕ್ಕಿಯನ್ನು ಹೊತ್ತ ಈ ಜನ ಬನ್ನೇರುಘಟ್ಟದ ಬಳಿ, ಹುಣಸೂರು ತಾಲೂಕಿನ ಪಕ್ಷಿರಾಜಪುರ ಮೊದಲಾದೆಡೆ ನೆಲೆನಿಂತು ಗಿಡಮೂಲಿಕೆ, ಕೇಶತೈಲಗಳ ವ್ಯಾಪಾರಕ್ಕೆ ಇಳಿದರು. ಆ ವ್ಯಾಪಾರ ಅವರನ್ನು ಆಫ್ರಿಕಾದವರೆಗೂ ಕರೆದೊಯ್ದಿತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಲುಕಿದ ಭಾರತೀಯರಲ್ಲಿ ಹಕ್ಕಿಪಿಕ್ಕಿಗಳು ಇದ್ದುದು ನೆನಪಿರಬಹುದು.

ಕಾಡಿನ ಅಂಚಿನ ಬಡವನೊಬ್ಬ ಉರುಲು ಹಾಕುವುದು ಪಟ್ಟಣದಲ್ಲಿ ಕೊಳ್ಳುವವರು ಇದ್ದಾರೆಂಬ ಭರವಸೆಯಿಂದ. ಕೊಂಡವರು ಮರುದಿನ ಕೆಲಸಕ್ಕೆ ಹೋಗುತ್ತಾರೆ, ಉರುಲಿನೊಂದಿಗೆ ಸಿಕ್ಕವನು ಜೈಲಿಗೆ ಹೋಗುತ್ತಾನೆ. ಹಣ ಕೊಟ್ಟು ಕೊಳ್ಳುವವರು ಇಬ್ಬರನ್ನೂ ಅಪಾಯಕ್ಕೆ ತಳ್ಳುತ್ತಾರೆ.

ಏಕೆ ಇಷ್ಟು ಬಿಗಿ?

'ಹೊಲ ತುಂಬ ತಿತರಗಳಿವೆ, ಎರಡು ಹಿಡಿದರೆ ಮುಗಿದುಹೋಗುತ್ತವೆಯೇ?' ಎಂದು ಕೇಳುವವರಿಗೆ ಮಹಾರಾಷ್ಟ್ರದ್ದೇ ಒಂದು ಉದಾಹರಣೆ ಇದೆ. ಮರಾಠಿಯಲ್ಲಿ ಮಾಳಢೋಕ್, ಕನ್ನಡದಲ್ಲಿ ಎರೆಭೂತ ಎನ್ನುವ ಹೆಬ್ಬಕ್ಕಿ ಒಂದು ಕಾಲದಲ್ಲಿ ದಖ್ಖನಿನ ಹುಲ್ಲುಗಾವಲುಗಳಲ್ಲಿ ಧಾರಾಳವಾಗಿತ್ತು. ಇಂದು ಅಹಿಲ್ಯಾನಗರ ಎಂದು ಹೆಸರು ಬದಲಾಗಿರುವ ಅಹ್ಮದ್‌ನಗರದ ಸುತ್ತ 1809ರಿಂದ 1829ರ ನಡುವೆ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷ್ ಬೇಟೆಗಾರ 961 ಹೆಬ್ಬಕ್ಕಿಗಳನ್ನು ಹೊಡೆದುರುಳಿಸಿದ್ದು ದಾಖಲೆಯಲ್ಲಿದೆ. ಈಗ ಕಾಡಿನಲ್ಲಿ ಉಳಿದಿರುವ ಹೆಬ್ಬಕ್ಕಿಗಳು 150ಕ್ಕೂ ಕಡಿಮೆ ಎಂಬುದು ಅಂದಾಜು. ಸೋಲಾಪುರದ ನಾನ್ನಜ್ ಅಥವಾ ಬಳ್ಳಾರಿಯ ಸಿರುಗುಪ್ಪದಲ್ಲಿ ಒಂದು ಕಂಡರೆ ಅದೇ ದೊಡ್ಡ ಸುದ್ದಿ. ಬೇಟೆಯ ಜೊತೆಗೆ ಹುಲ್ಲುಗಾವಲುಗಳ ನಾಶ, ವಿದ್ಯುತ್ ತಂತಿಗಳೂ ಅದಕ್ಕೆ ಮುಳುವಾದವು. ಧಾರಾಳವಾಗಿದ್ದುದು ಇಲ್ಲವಾಗಲು ಬಹಳ ಕಾಲ ಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕೆ ವಿರುದ್ಧವಾದ ನಿದರ್ಶನ ಗದಗ ಜಿಲ್ಲೆಯ ಮಾಗಡಿ ಕೆರೆಯದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಅಲ್ಲಿ ತಂಗುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದರೂ ಊರವರು ಅವುಗಳ ತಂಟೆಗೆ ಹೋಗುವುದಿಲ್ಲ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ನಾಗಪುರದ ಸುತ್ತಲಿನ ಕೆರೆಗಳಿಗೂ ಇದೇ ಹೆಬ್ಬಾತುಗಳು ಬರುತ್ತವೆ. ಇನ್ನು ಗೌಜಲಕ್ಕಿಯಂತೂ ಗೆದ್ದಲು, ಹುಳು-ಹುಪ್ಪಟೆ, ಕಳೆಯ ಬೀಜಗಳನ್ನು ತಿಂದು ರೈತನಿಗೆ ಸಂಬಳವಿಲ್ಲದೆ ದುಡಿಯುವ ಆಳು.

ಮಾಡಬೇಕಾದದ್ದು

ಗಾಯಗೊಂಡ ಹಕ್ಕಿ ಕಣ್ಣಿಗೆ ಬಿದ್ದರೆ ಮನೆಗೆ ಒಯ್ದು ಸಾಕುವ ಬದಲು ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಬಹುದು. ನಾಗಪುರದ ಸೆಮಿನರಿ ಹಿಲ್ಸ್‌ನಲ್ಲಿ ಗಾಯಗೊಂಡ ವನ್ಯಜೀವಿಗಳಿಗೆ ಚಿಕಿತ್ಸಾ ಕೇಂದ್ರವಿದೆ. ಯಾರಾದರೂ ಹಕ್ಕಿ ತಂದುಕೊಟ್ಟರೆ ಬೇಡವೆಂದು ನೇರವಾಗಿ ಹೇಳಬೇಕು. ಸ್ನೇಹಿತರ ಮುಖ ನೋಡಿ ತೆಗೆದುಕೊಂಡು, ಬಳಿಕ ಇನ್ನೊಬ್ಬರಿಗೆ ದಾಟಿಸುವುದೂ ಅಪರಾಧವೇ. ಪಿಕ್‌ನಿಕ್, ಹೊಸ ವರ್ಷದ ಪಾರ್ಟಿಗಳಲ್ಲಿ ಅಡುಗೆಯವರಿಗೆ ಹಣ ಕೊಟ್ಟು 'ಏನಾದರೂ ವಿಶೇಷ ಮಾಡಿಸಿ' ಎನ್ನುವ ಮೊದಲು ಆ ವಿಶೇಷ ಯಾವುದು, ಎಲ್ಲಿಂದ ಬರುತ್ತದೆ ಎಂದು ವಿಚಾರಿಸುವುದು ಕ್ಷೇಮ. ಒಂದು ವೇಳೆ ತಿಳಿಯದೆ ಕೈಗೆ ಬಂದಿದ್ದರೆ 48 ಗಂಟೆಗಳೊಳಗೆ ಸಮೀಪದ ಅರಣ್ಯ ಕಚೇರಿಗೋ ಪೊಲೀಸ್ ಠಾಣೆಗೋ ಹೋಗುವುದೇ ನೇರ ದಾರಿ.

ಪರವೂರಿಗೆ ಬಂದು ದುಡಿದು, ಮಕ್ಕಳನ್ನು ಓದಿಸಿ, ಮನೆ ಮಾಡಿಕೊಂಡವರಿಗೆ ಇಲ್ಲಿ ಗಳಿಸಿದ ಹೆಸರೇ ಆಸ್ತಿ. ಊಟದ ಚಪಲಕ್ಕೆ ಆ ಹೆಸರು ಠಾಣೆಯ ದಫ್ತರು ಸೇರದಿರಲಿ.